ಬ್ರಸೆಲ್ಸ್‌ಗೆ ಬರ್ತಿದ್ದೀರಾ? ಮೊದಲ ವಾರವೇ ಒಂದು ಕಾಮಿಕ್ಸ್ ಕೊಳ್ಳಿ

ಹುಬ್ಬಳ್ಳಿಯಿಂದ ಎರಡು ವರ್ಷದ ಕೆಲಸಕ್ಕೆ ಬ್ರಸೆಲ್ಸ್‌ಗೆ ಬರುತ್ತಿದ್ದೀರಿ, ಸಸ್ಯಾಹಾರಿ, ಫ್ರೆಂಚ್ ಬರುವುದಿಲ್ಲ, ಚಿಕ್ಕಂದಿನಿಂದ ಟಿನ್‌ಟಿನ್ ಕಾಮಿಕ್ಸ್ ಅಂದರೆ ಪ್ರಾಣ, ಅಲ್ಲಿ ಬೇಸರ ಆಗುತ್ತಾ ಅಂತ ಕೇಳಿದ್ದೀರಿ. ಬೇಸರ ಆಗುವುದಿಲ್ಲ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಶನಿವಾರ ಭಾನುವಾರ ನಮ್ಮವರ ಮನೆ ಊಟ, ನಮ್ಮವರ ದಿನಸಿ ಅಂಗಡಿ. ಹಾಗೇ ಎರಡು ವರ್ಷ ಕಳೆದು ವಾಪಸ್ ಹೋದವರನ್ನು ಬಹಳ ನೋಡಿದ್ದೇನೆ. ಪಕ್ಕದ ಮನೆಯವರ ಹೆಸರೂ ಅವರಿಗೆ ಗೊತ್ತಿರಲಿಲ್ಲ. ನಿಮಗೆ ಹಾಗಾಗಬಾರದು. ಕಾಮಿಕ್ಸ್ ಇಷ್ಟ ಅಂದಿರಲ್ಲ, ಅದನ್ನೇ ಹಿಡಿದುಕೊಂಡು ಊರೊಳಗೆ ಬನ್ನಿ.

ಮೊದಲು ತಲೆನೋವಿನ ಕೆಲಸ ಮುಗಿಸೋಣ. ಬ್ರಸೆಲ್ಸ್ ಅಂದರೆ 19 ಕಮ್ಯೂನ್, ಅಂದರೆ ಪುರಸಭೆಗಳು, ಸೇರಿದ ಊರು. ಮನೆ ಸಿಕ್ಕ ಕೂಡಲೇ ನಿಮ್ಮ ಕಮ್ಯೂನ್ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಆಮೇಲೆ ಒಬ್ಬ ಪೊಲೀಸ್ ಮನೆಗೆ ಬಂದು ನೀವು ನಿಜವಾಗಿ ಅಲ್ಲೇ ಇದ್ದೀರಾ ಅಂತ ನೋಡಿಕೊಂಡು ಹೋಗುತ್ತಾರೆ. ಗಾಬರಿ ಬೇಡ, ಎಲ್ಲರಿಗೂ ಹೀಗೇ. ಕಾಲಿಂಗ್ ಬೆಲ್ ಮೇಲೂ ಟಪಾಲು ಪೆಟ್ಟಿಗೆಯ ಮೇಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಂಟಿಸಿ, ಎಷ್ಟೇ ಉದ್ದ ಇರಲಿ. ಕಸಕ್ಕೆ ಬಣ್ಣಬಣ್ಣದ ಚೀಲ ಇದೆ: ಕಾಗದಕ್ಕೆ ಹಳದಿ, ಪ್ಲಾಸ್ಟಿಕ್ ಮತ್ತು ಡಬ್ಬಿಗಳಿಗೆ ನೀಲಿ, ಅಡುಗೆಮನೆ ಕಸಕ್ಕೆ ಕಿತ್ತಳೆ, ಉಳಿದದ್ದಕ್ಕೆ ಬಿಳಿ. ನಿಮ್ಮ ಬೀದಿಗೆ ಯಾವ ದಿನ ಅಂತ ಪಕ್ಕದ ಮನೆಯವರನ್ನೇ ಕೇಳಿ. ಮೊದಲ ಪರಿಚಯಕ್ಕೆ ಅದಕ್ಕಿಂತ ಒಳ್ಳೆ ನೆಪ ಇಲ್ಲ.

ಊಟದ ಚಿಂತೆ ನಿಮಗೆ ಜಾಸ್ತಿ ಇದ್ದ ಹಾಗಿದೆ. ಒಂದು ವಿಷಯ ಮಾತ್ರ ಚೆನ್ನಾಗಿ ನೆನಪಿಡಿ. ಇಲ್ಲಿನ ಫ್ರೀಟ್, ಅಂದರೆ ಆಲೂಗಡ್ಡೆ ಫ್ರೈಸ್, ಗೂಡಂಗಡಿಗಳಲ್ಲಿ ಬಿಸಿಬಿಸಿ ಕಾಗದದ ಪೊಟ್ಟಣದಲ್ಲಿ ಸಿಗುತ್ತದೆ, ಘಮಕ್ಕೇ ಕಾಲು ನಿಲ್ಲುತ್ತದೆ. ಆದರೆ ಹಳೇ ಪದ್ಧತಿಯಲ್ಲಿ ಅದನ್ನು ಎರಡು ಸಲ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬೋರ್ಡಿನ ಮೇಲೆ ಬರೆದಿರುವುದಿಲ್ಲ. ಯಾವುದರಲ್ಲಿ ಕರಿದಿದ್ದು ಅಂತ ಕೇಳಿಯೇ ತಿನ್ನಿ, ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸ್ಟುಂಪ್ ಅಂತ ಆಲೂಗಡ್ಡೆಯನ್ನು ತರಕಾರಿ ಜೊತೆ ಕಿವುಚಿ ಮಾಡುವ ಊಟ ಚೆನ್ನಾಗಿರುತ್ತದೆ, ಅದರಲ್ಲೂ ಕೆಲವರು ಮಾಂಸದ ಚೂರು ಬೆರೆಸುತ್ತಾರೆ, ಕೇಳಿ.

ಮನೆ ಅಡುಗೆಗೆ ತೊಂದರೆಯೇ ಇಲ್ಲ. ಭಾನುವಾರ ಬೆಳಿಗ್ಗೆ ಮಿದಿ ರೈಲು ನಿಲ್ದಾಣದ ಸುತ್ತ ದೊಡ್ಡ ಸಂತೆ ಕೂಡುತ್ತದೆ. ಕೊತ್ತಂಬರಿ, ಪುದೀನ ಕಟ್ಟುಗಟ್ಟಲೆ, ಬದನೆಕಾಯಿ, ಆಲಿವ್ ಕಾಯಿ, ಮೊರಾಕ್ಕೊ ಕಡೆಯವರು ಕೂಗಿ ಕೂಗಿ ಮಾರುತ್ತಾರೆ, ಮುಚ್ಚುವ ಹೊತ್ತಿಗೆ ಹೋದರೆ ಬೆಲೆ ಇನ್ನೂ ಇಳಿದಿರುತ್ತದೆ. ಬೆಂಡೆಕಾಯಿ, ಬಾಳೆಕಾಯಿ, ಖಾರದ ಮೆಣಸಿನಕಾಯಿ ಬೇಕಾದರೆ ಇಕ್ಸೆಲ್‌ನ ಮಾತೊಂಗೆಗೆ ಹೋಗಿ, ಅದು ಕಾಂಗೋ ಮೂಲದವರ ಬೀದಿ. ಈ ಊರಿನದೇ ತರಕಾರಿಯನ್ನೂ ಬಿಡಬೇಡಿ. ಶಿಕೋಂ ಅಂತ ಬಿಳಿ ಮೊಗ್ಗಿನಂಥ ಸೊಪ್ಪು ಇದೆ, ಸ್ವಲ್ಪ ಕಹಿ, ಕಾಯಿತುರಿ ಬೆಲ್ಲ ಹಾಕಿ ಪಲ್ಯ ಮಾಡಿದರೆ ಅನ್ನಕ್ಕೂ ಚಪಾತಿಗೂ ಹೊಂದುತ್ತದೆ. ಬ್ರಸೆಲ್ಸ್ ಸ್ಪ್ರೌಟ್ಸ್ ಹಾಕಿದ ಹುಳಿ ನಮ್ಮ ಮನೆಯಲ್ಲಿ ಚಳಿಗಾಲ ಪೂರ್ತಿ ಇರುತ್ತದೆ.

ಈಗ ನನ್ನ ಇಷ್ಟದ ವಿಷಯ. ಟಿನ್‌ಟಿನ್ ಮೊದಲು ಬಂದದ್ದು 1929ರ ಜನವರಿ 10ರಂದು, ಇಲ್ಲಿನ ಒಂದು ಪತ್ರಿಕೆಯ ಮಕ್ಕಳ ಪುರವಣಿಯಲ್ಲಿ. ಬರೆದ ಎರ್ಜೆ ಹುಟ್ಟಿದ್ದು ಎಟರ್‌ಬೇಕ್‌ನಲ್ಲಿ, ಅದು ಈಗ ಆ 19 ಕಮ್ಯೂನ್‌ಗಳಲ್ಲಿ ಒಂದು. ಉಚ್ಚೆ ಹೊಯ್ಯುವ ಹುಡುಗನ ಪುಟ್ಟ ಪ್ರತಿಮೆ ಮಾನೆಕೆನ್ ಪಿಸ್ ನೋಡಲು ಹೋಗುವ ಎತೂವ್ ಬೀದಿಯಲ್ಲಿ ತಲೆ ಎತ್ತಿ ನೋಡಿ, ಟಿನ್‌ಟಿನ್, ಅವನ ನಾಯಿ ಸ್ನೋಯಿ, ಗೆಳೆಯ ಕ್ಯಾಪ್ಟನ್ ಹ್ಯಾಡಕ್ ಗೋಡೆ ತುಂಬ ಮೆಟ್ಟಿಲು ಇಳಿಯುತ್ತಿದ್ದಾರೆ. ಇಂಥ ಗೋಡೆಚಿತ್ರಗಳನ್ನು 1991ರಿಂದ ಬರೆಸುತ್ತಾ ಬಂದಿದ್ದಾರೆ, ಊರಿನ ಮೂಲೆಮೂಲೆಯಲ್ಲೂ ಇವೆ. ಮೆಟ್ರೊ ಒಂದನೇ ಲೈನಿನ ಕೊನೆ ಸ್ಟಾಪ್ ಸ್ಟೊಕೆಲ್‌ನಲ್ಲಿ ಗೋಡೆ ಪೂರ್ತಿ ಟಿನ್‌ಟಿನ್ ಪಾತ್ರಗಳೇ. ಅಲ್ಲಿ ಟಿಕೆಟ್ ಕಾಸು ಬಿಟ್ಟರೆ ಏನೂ ಖರ್ಚಿಲ್ಲ.

ಪ್ಲಾಸ್ ದು ಜ್ಯೂ ದ ಬಾಲ್ ಅನ್ನುವ ಚೌಕದಲ್ಲಿ ದಿನಾ ಬೆಳಿಗ್ಗೆ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಟಿನ್‌ಟಿನ್ ಹಡಗಿನ ಮಾದರಿಯೊಂದನ್ನು ಕೊಳ್ಳುವ ಸಂತೆ ನೆನಪಿದೆಯಾ? ಅದು ಇದೇ ಜಾಗ. ಮೊದಲ ವಾರ ಅಲ್ಲಿಗೆ ಹೋಗಿ ಒಂದು ಹಳೇ ಆಲ್ಬಮ್, ಅಂದರೆ ಕಾಮಿಕ್ಸ್ ಪುಸ್ತಕ, ಕೊಳ್ಳಿ, ಫ್ರೆಂಚಿನದೇ ಇರಲಿ. ಕಥೆ ನಿಮಗೆ ಮೊದಲೇ ಬಾಯಿಪಾಠ, ಚಿತ್ರ ಅರ್ಥ ಹೇಳುತ್ತದೆ, ಮಾತು ತಾನಾಗಿ ಕೂರುತ್ತದೆ. ಬಾಲಮಂಗಳದ ಡಿಂಗನನ್ನು ಓದಿಯೇ ಅಲ್ವಾ ನಮ್ಮಲ್ಲಿ ಎಷ್ಟೋ ಮಂದಿ ಕನ್ನಡ ಓದಲು ಕಲಿತದ್ದು? ಆಮೇಲೆ ಕಮ್ಯೂನ್‌ನವರ ಸಂಜೆ ತರಗತಿಗೆ ಸೇರಿ, ಅಲ್ಲಿ ವ್ಯಾಕರಣ ಸಿಗುತ್ತದೆ. ಆದರೆ ಜನ ನಿಜವಾಗಿ ಹೇಗೆ ಬೈಯುತ್ತಾರೆ, ಹೇಗೆ ನೆಪ ಹೇಳುತ್ತಾರೆ ಅನ್ನುವುದು ಕಾಮಿಕ್ಸಿನಲ್ಲೇ. ಅದಕ್ಕೆ ನನ್ನ ಆಯ್ಕೆ ಗ್ಯಾಸ್ಟನ್. 1957ರಲ್ಲಿ ಫ್ರಾಂಕಾಂ ಎಂಬ ಕಾಮಿಕ್ಸ್ ಕಲಾವಿದ ಶುರು ಮಾಡಿದ ಪಾತ್ರ, ಆಫೀಸಿನಲ್ಲಿ ಕೆಲಸ ಒಂದನ್ನು ಬಿಟ್ಟು ಮಿಕ್ಕೆಲ್ಲ ಮಾಡುವ ಹುಡುಗ. ಹೆಚ್ಚಿನವು ಒಂದು ಪುಟಕ್ಕೇ ಮುಗಿಯುವ ನಗೆ, ಟ್ರಾಮಿನಲ್ಲಿ ಓದಲು ಸರಿಯಾಗಿದೆ. ನಿಮ್ಮ ಆಫೀಸಿನ ದೊಡ್ಡ ವಯಸ್ಸಿನವರ ಹತ್ತಿರ ಗ್ಯಾಸ್ಟನ್ ಹೆಸರು ಎತ್ತಿ ನೋಡಿ, ಕಾಫಿ ಆರಿಹೋಗುವ ತನಕ ಮಾತಾಡುತ್ತಾರೆ. ಇಲ್ಲಿ ಕಾಮಿಕ್ಸ್ ಮಕ್ಕಳದು ಮಾತ್ರ ಅಲ್ಲ, ಅಜ್ಜ ಅಜ್ಜಿಯರೂ ಓದುತ್ತಾರೆ.

ಒಂದು ಪುಸ್ತಕದ ಬಗ್ಗೆ ಮಾತ್ರ ಹೇಳಲೇಬೇಕು. ಟಿನ್‌ಟಿನ್ ಕಾಂಗೋಗೆ ಹೋಗುವ ಕಥೆ. 1960ರವರೆಗೆ ಕಾಂಗೋ ಬೆಲ್ಜಿಯಂನ ವಸಾಹತು. ಆ ಪುಸ್ತಕದಲ್ಲಿ ಅಲ್ಲಿನ ಜನರನ್ನು ದಡ್ಡರ ಹಾಗೆ ಬಿಡಿಸಿದ್ದಾರೆ, ನನಗೆ ಓದುವಾಗ ಸಂಕಟ ಆಗುತ್ತದೆ. ಪರರ ಆಳ್ವಿಕೆ ಕಂಡ ನಾಡಿನಿಂದ ಬಂದವರು ನಾವು. ಮಾತೊಂಗೆಯ ಅಂಗಡಿಯಲ್ಲಿ ಬೆಂಡೆಕಾಯಿ ತೂಗಿಕೊಡುವ ಅಮ್ಮನ ಮುಂದೆ ಆ ಪುಸ್ತಕ ಹೊಗಳಬೇಡಿ.

ಸುತ್ತಾಟ ಸುಲಭ. ಗೆಂಟ್ ಅರ್ಧ ಗಂಟೆ, ಬ್ರೂಜ್ ಒಂದು ಗಂಟೆ, ರೈಲೇ ಸಾಕು, ಕಾರು ಬೇಡ. ಎರ್ಜೆ ಮ್ಯೂಸಿಯಂ ಇರುವುದು ಲೂವೇನ್ ಲಾ ನವ್‌ನಲ್ಲಿ, 2009ರಲ್ಲಿ ತೆರೆದದ್ದು. ಸಮುದ್ರ ನೋಡಬೇಕಾದರೆ ದಡದ ಉದ್ದಕ್ಕೂ ಓಡುವ ಟ್ರಾಮ್ ಇದೆ, ಸುಮಾರು 67 ಕಿಲೋಮೀಟರ್, ಕಿಟಕಿ ಪಕ್ಕ ಕೂತುಬಿಡಿ. ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಬ್ರಸೆಲ್ಸ್‌ನಲ್ಲಿ ಕಾರು ಓಡಿಸುವಂತಿಲ್ಲ, ದೊಡ್ಡ ದೊಡ್ಡ ರಸ್ತೆಗಳಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಆ ದಿನ ಊರಲ್ಲೇ ಇರಿ.

ಕಷ್ಟ ಅಂದರೆ ಡಿಸೆಂಬರ್. ಬೆಳಕಾಗುವುದು ಎಂಟೂವರೆ ದಾಟಿದ ಮೇಲೆ, ಸಂಜೆ ಐದಕ್ಕೆ ಮೊದಲೇ ಕತ್ತಲು. ಮನೆಯಲ್ಲೇ ಕೂತರೆ ಮನಸ್ಸು ಕುಗ್ಗುತ್ತದೆ. ನಿಮ್ಮ ಕಮ್ಯೂನ್ ಲೈಬ್ರರಿಗೆ ಹೋಗಿ, ಬೆಚ್ಚಗಿರುತ್ತದೆ, ಕಾಮಿಕ್ಸ್ ಕಪಾಟು ಇದ್ದೇ ಇರುತ್ತದೆ.

ಬರುವಾಗ ಕುಕ್ಕರಿನ ಗ್ಯಾಸ್ಕೆಟ್ ಎರಡು ಜಾಸ್ತಿ ತನ್ನಿ, ಸಾರಿನ ಪುಡಿ ಮನೆಯದೇ ತನ್ನಿ, ಅಕ್ಕಿ ಬೇಳೆ ಬೇಡ. ಮನೆ ಯಾವ ಕಮ್ಯೂನ್‌ನಲ್ಲಿ ಸಿಕ್ಕಿತು ಅಂತ ಬರೆಯಿರಿ, ಹತ್ತಿರದ ಸಂತೆ ಯಾವ ದಿನ, ಹಳೇ ಪುಸ್ತಕ ಎಲ್ಲಿ ಸಿಗುತ್ತದೆ, ಎರಡನ್ನೂ ಹೇಳುತ್ತೇನೆ.