ಸಿಮೆಂಟಿನ ಮೇಲೆ ಕಾಂಪೊಸಿಟ್ ಹಿಡಿಯುತ್ತದೆಯೇ?

ಪ್ರಶ್ನೆ: ನನ್ನ ದವಡೆ ಹಲ್ಲಿನ ಹುಳುಕು ಆಳವಾಗಿದೆ. ವೈದ್ಯರು ಲವಂಗದೆಣ್ಣೆಯ ವಾಸನೆಯ ತಾತ್ಕಾಲಿಕ ಸಿಮೆಂಟ್ ತುಂಬಿದ್ದಾರೆ. ಮುಂದಿನ ಸಲ ಅದನ್ನು ಪೂರ್ತಿ ಕೆರೆದು ತೆಗೆದು, ತಳಕ್ಕೆ ಬೇರೆ ಸಿಮೆಂಟ್ ಹಾಕಿ, ಮೇಲೆ ಹಲ್ಲಿನ ಬಣ್ಣದ ಕಾಂಪೊಸಿಟ್ ತುಂಬುತ್ತಾರಂತೆ. ಇರುವುದರ ಮೇಲೆಯೇ ತುಂಬಬಾರದೇ? ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ಅಂಟುತ್ತವೆಯೇ?

ಉತ್ತರ: ತುಂಬಬಾರದು. ನಿಮ್ಮ ವೈದ್ಯರ ಕ್ರಮವೇ ಸರಿ. ಆ ವಾಸನೆ ಲವಂಗದೆಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್‌ನದು. ಅದು ನೋವನ್ನು ಶಮನಗೊಳಿಸುತ್ತದೆ, ಆದರೆ ಕಾಂಪೊಸಿಟ್‌ಗೆ ಶತ್ರು. ನೀಲಿ ಬೆಳಕು ಬಿದ್ದಾಗ ಕಾಂಪೊಸಿಟ್‌ನಲ್ಲಿ ಹುಟ್ಟುವ ಚುರುಕು ಕಣಗಳಾದ ಮುಕ್ತ ರ‍್ಯಾಡಿಕಲ್‌ಗಳು ಅದರ ಮೂಲವಸ್ತುವಾದ ರಾಳದ (ರೆಸಿನ್) ಅಣುಗಳನ್ನು ಸರಪಳಿಯಂತೆ ಬೆಸೆಯುತ್ತವೆ. ಯೂಜಿನಾಲ್ ಆ ರ‍್ಯಾಡಿಕಲ್‌ಗಳನ್ನೇ ನುಂಗಿಬಿಡುವುದರಿಂದ, ಅದು ತಾಗಿದ ಕಡೆ ರಾಳ ಸರಿಯಾಗಿ ಗಟ್ಟಿಯಾಗುವುದಿಲ್ಲ.

ತಳಕ್ಕೆ ಸಾಮಾನ್ಯವಾಗಿ ಬಳಸುವುದು ಗ್ಲಾಸ್ ಅಯಾನೊಮರ್, ಅಂದರೆ ಗಾಜಿನ ಪುಡಿಯನ್ನು ಆಮ್ಲದೊಂದಿಗೆ ಕಲಸಿದ ಸಿಮೆಂಟ್. ಸಂಶೋಧಕರಾದ ವಿಲ್ಸನ್ ಮತ್ತು ಕೆಂಟ್ 1972ರಲ್ಲಿ ಇದನ್ನು ದಂತವೈದ್ಯರಿಗೆ ಪರಿಚಯಿಸಿದರು. ಇದರ ಆಮ್ಲ ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ರಾಸಾಯನಿಕ ಬಂಧ ಬೆಳೆಸುತ್ತದೆ. ಕಾಂಪೊಸಿಟ್ ಜೊತೆಗಿನ ನಂಟು ಮಾತ್ರ ಸಿಮೆಂಟಿನ ಬಗೆಯನ್ನು ಅವಲಂಬಿಸಿದೆ. ರಾಳ ಬೆರೆಸದ ಹಳೆಯ ಬಗೆಯದರಲ್ಲಿ, ಕಾಂಪೊಸಿಟ್ ತುಂಬುವ ಮೊದಲು ಸವರುವ ಅಂಟುದ್ರವ ಮೇಲ್ಮೈಯ ಒರಟು ಸಂದುಗಳಿಗೆ ಇಳಿದು ಹಿಡಿದುಕೊಳ್ಳುತ್ತದೆ, ಅಷ್ಟೇ. ಆಗತಾನೇ ಗಟ್ಟಿಯಾದ ಸಿಮೆಂಟಿನ ಮೇಲೆ ಮೇಲ್ಮೈ ಒರಟಾಗಿಸುವ ಫಾಸ್ಫೋರಿಕ್ ಆಮ್ಲವನ್ನು ಹೆಚ್ಚು ಹೊತ್ತು ಬಿಟ್ಟರೆ ಮೇಲ್ಪದರವೇ ಸಡಿಲವಾಗುತ್ತದೆ. ರಾಳ ಬೆರೆತ ಅಯಾನೊಮರ್‌ನಲ್ಲಿ ಹಾಗಲ್ಲ. ಅದರೊಳಗಿನ ರಾಳ ಮೇಲಿನ ಅಂಟುದ್ರವದೊಂದಿಗೆ ರಾಸಾಯನಿಕವಾಗಿಯೇ ಬೆಸೆದುಕೊಳ್ಳುತ್ತದೆ. ನನ್ನ ಒಲವು ಇದರ ಕಡೆಗೇ. ಇಂಥ ಜೋಡಣೆಗಳನ್ನು ಪ್ರಯೋಗಾಲಯದಲ್ಲಿ ಎಳೆದು ಪರೀಕ್ಷಿಸಿದಾಗ ಎಷ್ಟೋ ಸಲ ಬಿರುಕು ಬೆಸುಗೆಯಲ್ಲಿ ಮೂಡದೆ ಸಿಮೆಂಟಿನ ಒಡಲಲ್ಲೇ ಮೂಡುತ್ತದೆ. ಎಂದರೆ ಬೆಸುಗೆಗಿಂತ ಸಿಮೆಂಟೇ ದುರ್ಬಲ.

ಆದ್ದರಿಂದಲೇ ಫಿಲ್ಲಿಂಗ್‌ನ ಭಾರವನ್ನೆಲ್ಲ ತಳದ ಮೇಲೆ ಹೊರಿಸಬಾರದು. ಕಾಂಪೊಸಿಟ್ ಗಟ್ಟಿಯಾಗುವಾಗ ಸಾಮಾನ್ಯವಾಗಿ ಶೇ. 2–3ರಷ್ಟು ಕುಗ್ಗಿ ಗೋಡೆಗಳನ್ನು ಎಳೆಯುತ್ತದೆ. ಆ ಎಳೆತವನ್ನು ತಡೆದು ನಿಲ್ಲುವುದು ಮುಖ್ಯವಾಗಿ ಅಂಚಿನ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ. ಆಮ್ಲದಿಂದ ಅದನ್ನು ಒರಟಾಗಿಸಿ ರಾಳವನ್ನು ಅಂಟಿಸಬಹುದೆಂದು ದಂತ ಸಂಶೋಧಕ ಬ್ಯೂನೊಕೋರ್ 1955ರಲ್ಲೇ ತೋರಿಸಿದ್ದರು. ಸಿಮೆಂಟ್ ಆ ಅಂಚಿಗೆ ಮೆತ್ತಿಕೊಂಡಿದ್ದರೆ ಕೆರೆದು ತೆಗೆಯಲೇಬೇಕು. ಎಂಜಲು ತಾಗಿದರಂತೂ ಹಿಡಿತ ಕೆಟ್ಟಂತೆಯೇ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರೆ ಕಿರಿಕಿರಿಯಾದರೂ ಸಹಿಸಿಕೊಳ್ಳಿ.

ತಾತ್ಕಾಲಿಕ ಸಿಮೆಂಟ್ ಅಷ್ಟರೊಳಗೆ ಉದುರಿದರೆ, ಅಥವಾ ರಾತ್ರಿ ತಾನಾಗಿಯೇ ನೋವು ಶುರುವಾದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ಹೋಗಿ ತೋರಿಸಿ.