ಕಲಬೆರಕೆ ಪತ್ತೆಯ ಆಚೆಗೂ ಪಾಠವಿದೆ

ಪಾಂಡವಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರಾಂಶ: "ಶಾಲೆಯ ವಸ್ತುಪ್ರದರ್ಶನದಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಆಹಾರ ಕಲಬೆರಕೆಯನ್ನು ಪತ್ತೆ ಮಾಡುವ ಪ್ರಯೋಗಗಳನ್ನು ತೋರಿಸಿದರು. ನೋಡಿದವರೆಲ್ಲ ಮೆಚ್ಚಿದರು. ವಾರ ಕಳೆಯುವಷ್ಟರಲ್ಲಿ ಒಬ್ಬ ತಾಯಿ ಶಾಲೆಗೆ ಬಂದು, ‘ಮಗಳು ಮನೆಯಲ್ಲಿ ಏನು ಬಡಿಸಿದರೂ ವಿಷ ಎನ್ನುತ್ತಾಳೆ, ನಾನೇ ಹುರಿದು ಕುಟ್ಟಿದ ಸಾರಿನ ಪುಡಿಯನ್ನೂ ನಂಬುವುದಿಲ್ಲ’ ಎಂದು ದೂರಿದರು. ಅಂದಿನಿಂದ ಈ ವಿಷಯವನ್ನು ಮುಂದುವರಿಸಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ಮುಂದಿನ ವರ್ಷ ಇದೇ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಒತ್ತಡವೂ ಇರುತ್ತದೆ. ನಿಮ್ಮ ಅಭಿಪ್ರಾಯವೇನು?"

ಸಂಪಾದಕರ ಉತ್ತರ

ಮಾನ್ಯರೇ, ದಯವಿಟ್ಟು ಬಿಡಬೇಡಿ, ಮುಂದುವರಿಸಿ. ಆದರೆ ಆ ತಾಯಿಯ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಾಠದಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ಅವರು ನಮಗೆಲ್ಲ ತೋರಿಸಿಕೊಟ್ಟಿದ್ದಾರೆ.

ಕಲಬೆರಕೆ ಪತ್ತೆಯ ಪ್ರಯೋಗಗಳು ಚೆನ್ನಾಗಿಯೇ ಇರುತ್ತವೆ. ಹಾಲಿಗೆ ಒಂದೆರಡು ಹನಿ ಅಯೋಡಿನ್ ಬಿಟ್ಟಾಗ ನೀಲಿಗೆ ತಿರುಗಿದರೆ ಪಿಷ್ಟ ಬೆರೆತಿದೆ ಎಂದು ಮಕ್ಕಳು ಕಣ್ಣಾರೆ ನೋಡುತ್ತಾರೆ. ಕಾಳುಮೆಣಸಿನಲ್ಲಿ ಸೇರಿಸಿದ ಪಪ್ಪಾಯಿ ಬೀಜ ನೀರಿನಲ್ಲಿ ತೇಲುವುದನ್ನು ಕಂಡು ಸಂತೋಷಪಡುತ್ತಾರೆ. ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಲ್ಲಿ ರೋಡಮೈನ್-ಬಿ ಎಂಬ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಸುದ್ದಿಯಂತೂ ಎಲ್ಲ ಮಕ್ಕಳಿಗೂ ಗೊತ್ತು. ಇವೆಲ್ಲ ತಿಳಿದಿರಲಿ. ಆದರೆ ಈ ಪಾಠದಲ್ಲಿ ತಪ್ಪಿತಸ್ಥ ಯಾವಾಗಲೂ ಬೇರೆ ಯಾರೋ ಆಗಿರುತ್ತಾನೆ: ಅಂಗಡಿಯವನು, ಕಾರ್ಖಾನೆಯವನು, ಗಾಡಿಯವನು. ಮಗುವಿಗೆ ಅನುಮಾನಪಡುವುದನ್ನು ಬಿಟ್ಟು ಬೇರೆ ಕೆಲಸವೇ ಇರುವುದಿಲ್ಲ. ಅನುಮಾನಿಸುವುದನ್ನಷ್ಟೇ ಕಲಿತ ಹುಡುಗಿ ತಾಯಿ ಕುಟ್ಟಿದ ಸಾರಿನ ಪುಡಿಯನ್ನು ಅನುಮಾನಿಸಿದರೆ ಅವಳದೇನು ತಪ್ಪು?

ಮಕ್ಕಳಿಗೆ ವಾಂತಿ-ಭೇದಿ ತರುವ ಕಾರಣಗಳು ಹೆಚ್ಚಾಗಿ ಬೇರೆ ಕಡೆ ಇರುತ್ತವೆ. ಸರಿಯಾಗಿ ತೊಳೆಯದ ಕೈ, ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆಯೇ ಹೆಚ್ಚಿದ ಸೌತೆಕಾಯಿ, ಮುಚ್ಚಿಡದ ಕುಡಿಯುವ ನೀರು, ಹೊತ್ತು ಮೀರಿದ ಅನ್ನ. ಇವು ಯಾವುವೂ ಪ್ರನಾಳದಲ್ಲಿ ಬಣ್ಣ ಬದಲಿಸುವುದಿಲ್ಲ. ಹಾಗಾಗಿ ವಸ್ತುಪ್ರದರ್ಶನದ ಮೇಜಿನ ಮೇಲೆ ಜಾಗವನ್ನೂ ಪಡೆಯುವುದಿಲ್ಲ. ಆದರೆ ಇವುಗಳ ವಿಷಯದಲ್ಲಿ ಮಗು ತಾನೇ ಏನಾದರೂ ಮಾಡಬಹುದು. ನಾನು ಒತ್ತಿ ಹೇಳಬಯಸುವುದು ಇದನ್ನೇ.

ಅನ್ನದಿಂದಲೇ ಪ್ರಾರಂಭಿಸಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಿಂದ ಬಂದು ಸೇರಿರುತ್ತವೆ. ಕುದಿಯುವ ನೀರಿಗೂ ಅವು ಜಗ್ಗುವುದಿಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಪಾತ್ರೆಯಲ್ಲೇ ಉಳಿದರೆ ಅವು ಮೊಳೆತು, ಹೆಚ್ಚಿ, ವಿಷವನ್ನು ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ಪ್ರತಿ ಮನೆಯೂ ಇದನ್ನು ತಿಳಿದಿರಬೇಕು. ಚಿತ್ರಾನ್ನವನ್ನೇ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿ ಇಡಬಹುದು. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಹೊತ್ತಿಗೆ ಬೇಕಾದಷ್ಟೇ ಅಕ್ಕಿ ಹಾಕಬಹುದು. ಹುಳಿ ಹೆಚ್ಚಿರುವಲ್ಲಿ ಈ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ದೂರದ ಪ್ರಯಾಣಕ್ಕೆ ಹುಣಸೆಹುಳಿಯ ಪುಳಿಯೋಗರೆಯನ್ನೋ ಮೊಸರನ್ನವನ್ನೋ ಕಟ್ಟಿಕೊಳ್ಳುವ ನಮ್ಮ ರೂಢಿಯ ಹಿಂದೆ ಈ ತಿಳಿವಳಿಕೆ ಇದೆ ಎಂದು ಹೇಳಿದರೆ ಮಕ್ಕಳು ಅಜ್ಜಿಯ ಕಡೆ ಗೌರವದಿಂದ ನೋಡುತ್ತಾರೆ.

ಇದನ್ನು ಲೆಕ್ಕದ ಮೂಲಕವೂ ಹೇಳಬಹುದು. ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್‌ ನಡುವೆ ಇರುವುದೇ ಅಪಾಯ. ಅನುಕೂಲ ಒದಗಿದರೆ ಹಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಬೆಳಿಗ್ಗೆ ಏಳಕ್ಕೆ ತುಂಬಿದ ಡಬ್ಬಿಯನ್ನು ಮಧ್ಯಾಹ್ನ ಒಂದಕ್ಕೆ ತೆರೆದರೆ ಆರು ಗಂಟೆ, ಅಂದರೆ 18 ಇಮ್ಮಡಿ. ಒಂದೇ ಒಂದು ಬ್ಯಾಕ್ಟೀರಿಯಾ 2,62,144 ಆಗಿರುತ್ತದೆ. ಗಣಿತದ ಮೇಷ್ಟ್ರಿಗೆ ಹೇಳಿ, ಘಾತಾಂಕದ ಪಾಠದಲ್ಲಿ ಈ ಲೆಕ್ಕವನ್ನು ಅವರೇ ಮಾಡಿಸಲಿ. ಜೊತೆಗೆ, ಬಿಸಿನೀರನ್ನು ಒಂದು ಎತ್ತರದ ಪಾತ್ರೆಗೂ ಅಷ್ಟೇ ಬಿಸಿನೀರನ್ನು ಒಂದು ಅಗಲ ತಟ್ಟೆಗೂ ಹಾಕಿಸಿ, ಹತ್ತು ನಿಮಿಷಕ್ಕೊಮ್ಮೆ ತಾಪ ಬರೆಸಿ, ನಕ್ಷೆ ಎಳೆಸಿ. ಅನ್ನವನ್ನು ಏಕೆ ಹರಡಬೇಕು ಎಂಬುದಕ್ಕೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಒಂದು ಎಚ್ಚರಿಕೆ: ಪ್ರಯೋಗಾಲಯದ ಪಾದರಸದ ಥರ್ಮಾಮೀಟರನ್ನು ಯಾವ ಕಾರಣಕ್ಕೂ ಊಟದ ಅನ್ನಕ್ಕೆ ಚುಚ್ಚಲು ಬಿಡಬೇಡಿ. ಒಡೆದರೆ ಸುರಕ್ಷತೆಯ ಪಾಠವೇ ಅನಾಹುತಕ್ಕೆ ದಾರಿಯಾಗುತ್ತದೆ.

ಕೈ ತೊಳೆಯುವುದನ್ನು ಪ್ರೌಢಶಾಲೆಯ ಮಕ್ಕಳಿಗೆ ಉಪದೇಶ ಮಾಡಲು ಹೋದರೆ ಅವರು ಕೇಳುವುದಿಲ್ಲ, ಅದು ಚಿಕ್ಕವರ ಪಾಠ ಎಂದುಕೊಳ್ಳುತ್ತಾರೆ. ಅದರ ಬದಲು ಅಂಗೈಗೂ ಮುಂಗೈಗೂ ಅರಿಸಿನ ಕಲಸಿದ ಎಣ್ಣೆ ಸವರಿ, ಕಣ್ಣು ಮುಚ್ಚಿಕೊಂಡು ಸೋಪಿನಿಂದ ಕೈ ಉಜ್ಜಲು ಹೇಳಿ. ನೀರು ಹಾಕುವ ಮೊದಲು ಕಣ್ಣು ತೆರೆದು ನೋಡಲಿ. ಸೋಪು ಪ್ರತ್ಯಾಮ್ಲೀಯವಾದ್ದರಿಂದ ಅದು ತಾಗಿದ ಕಡೆ ಅರಿಸಿನ ಕೆಂಪಗೆ ತಿರುಗಿರುತ್ತದೆ. ತಾಗದ ಕಡೆ ಹಳದಿಯಾಗಿಯೇ ಉಳಿದಿರುತ್ತದೆ. ಹೆಬ್ಬೆರಳಿನ ಹಿಂಭಾಗ, ಬೆರಳ ಸಂದು, ಉಗುರಿನ ಬುಡಗಳನ್ನು ನೋಡಲು ಹೇಳಿ. ಸೂಚಕಗಳ ಪಾಠವೂ ಆಯಿತು, ಕೈಯ ಪಾಠವೂ ಆಯಿತು. ಮುಂದಿನ ವರ್ಷದ ಆಮ್ಲ-ಪ್ರತ್ಯಾಮ್ಲದ ಪಾಠದಲ್ಲೇ ಇದು ಸೇರಿಕೊಳ್ಳುವುದರಿಂದ ಎಸ್ಸೆಸ್ಸೆಲ್ಸಿಯ ಸಮಯ ಪೋಲಾಗುವ ಚಿಂತೆಯೂ ಬೇಡ.

ಇನ್ನೊಂದು ವಿಷಯವನ್ನು ಹೇಳುವಾಗ ನನ್ನ ಮನಸ್ಸು ಭಾರವಾಗುತ್ತದೆ. ನಿಮ್ಮ ಮಕ್ಕಳಲ್ಲಿ ಬಹುಪಾಲು ರೈತರ ಮನೆಯವರಿರಬಹುದು. ಗದ್ದೆಗೆ ಹೊಡೆಯುವ ಕೀಟನಾಶಕವನ್ನು ನಮ್ಮ ಊರುಗಳಲ್ಲಿ ಔಷಧಿ ಎಂದೇ ಕರೆಯುತ್ತಾರೆ. ಖಾಲಿಯಾದ ಔಷಧಿ ಡಬ್ಬ ಗಟ್ಟಿಮುಟ್ಟಾಗಿರುತ್ತದೆ, ಎಸೆಯಲು ಮನಸ್ಸು ಬರುವುದಿಲ್ಲ, ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಟುಕೊಳ್ಳುತ್ತಾರೆ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಎಣ್ಣೆಯ ವಾಸನೆ ಸರಿಯಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರೆಂದು ಆಗ ವರದಿಯಾಗಿತ್ತು. ಆ ಮಾತನ್ನು ಕೇಳುವವರು ಇರಲಿಲ್ಲ. ಈ ಘಟನೆಯನ್ನು ಹೆದರಿಸಲೆಂದು ಹೇಳಬೇಡಿ, ಆದರೆ ಮುಚ್ಚಿಡಲೂ ಬೇಡಿ. ಔಷಧಿ ಡಬ್ಬವನ್ನು ತೂತು ಮಾಡಿ, ಮತ್ತೆ ಬಳಸಲಾಗದಂತೆ ಮಾಡಬೇಕು ಎಂಬ ಒಂದೇ ವಿಷಯವನ್ನು ಮಕ್ಕಳು ಮನೆಗೆ ಕೊಂಡೊಯ್ದರೂ ಇಡೀ ವರ್ಷದ ಪಾಠ ಸಾರ್ಥಕ. ಅಡುಗೆಯವರಾಗಲಿ, ಎಂಟನೇ ತರಗತಿಯ ಹುಡುಗನಾಗಲಿ ‘ವಾಸನೆ ಬರುತ್ತಿದೆ’ ಎಂದಾಗ ಬಡಿಸುವುದನ್ನು ನಿಲ್ಲಿಸಿ ನೋಡುವ ಪದ್ಧತಿಯನ್ನೂ ನಿಮ್ಮ ಶಾಲೆಯಲ್ಲಿ ತನ್ನಿ.

ಹಾಗೆಂದು ಬಿಸಿಯೂಟದ ಅಡುಗೆಮನೆಗೆ ಮಕ್ಕಳನ್ನು ತನಿಖಾಧಿಕಾರಿಗಳಂತೆ ಕಳುಹಿಸಬೇಡಿ. ಅಲ್ಪ ಗೌರವಧನಕ್ಕೆ ದಿನವೂ ಒಲೆಯ ಮುಂದೆ ನಿಲ್ಲುವ ಹೆಣ್ಣುಮಕ್ಕಳು ಅವರು. ಅವರನ್ನೇ ಒಂದು ದಿನ ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸಿ. ಬೇಳೆಯನ್ನು ಹೇಗೆ ಆರಿಸುತ್ತಾರೆ, ಎಣ್ಣೆ ಕಮಟು ಹಿಡಿದಿದೆಯೆಂದು ಹೇಗೆ ತಿಳಿಯುತ್ತಾರೆ, ಬಡಿಸುವ ಹೊತ್ತಿಗೆ ಸಾಂಬಾರು ಬಿಸಿಯಾಗಿರಲು ಎಷ್ಟು ಗಂಟೆಗೆ ಒಲೆ ಹಚ್ಚುತ್ತಾರೆ ಎಂದು ಮಕ್ಕಳು ಕೇಳಲಿ.

ಬೆಲ್ಲದ ವಿಷಯದಲ್ಲೂ ಇದೇ ಎಚ್ಚರ ಬೇಕು. ಮಂಡ್ಯದ ಸೀಮೆಯಲ್ಲಿ ‘ಬೆಲ್ಲಕ್ಕೆ ಕೆಮಿಕಲ್ ಹಾಕುತ್ತಾರೆ’ ಎಂದು ಬಾಯಿಗೆ ಬಂದಂತೆ ಹೇಳಿದರೆ, ಆಲೆಮನೆಯವರ ಮಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತಾನೆ. ಕಬ್ಬಿನ ಹಾಲು ಗಾಳಿಗೆ ಕಪ್ಪಾಗುವುದು ಸಹಜ, ಬೆಲ್ಲ ಕಂದಾಗುವುದೂ ಸಹಜ. ಪೇಟೆಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಗಿರಾಕಿ ಹೆಚ್ಚು. ಆ ಬಣ್ಣಕ್ಕಾಗಿಯೇ ಕೊಪ್ಪರಿಗೆಗೆ ಹೈಡ್ರೋಸ್ ಎಂಬ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಬೀಳುತ್ತದೆ. ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆಯುವ ಹಳೆಯ ಕ್ರಮ ಇಂದಿಗೂ ತಿಳಿದವರಿದ್ದಾರೆ. ಕಂದು ಬೆಲ್ಲವನ್ನು ಕೊಳ್ಳದ ನಾವು ಮೈಸೂರಿನವರೂ ಇದರಲ್ಲಿ ಪಾಲುದಾರರು ಎಂದು ಆ ಹುಡುಗನಿಗೆ ಕೇಳಿಸುವಂತೆ ಹೇಳಿ. ಸಾಧ್ಯವಾದರೆ ಅವನ ತಂದೆಯ ಆಲೆಮನೆಗೇ ಮಕ್ಕಳನ್ನು ಕರೆದುಕೊಂಡು ಹೋಗಿ.

ಮುದ್ರಣದವನಾಗಿ ಒಂದು ಮಾತು ಸೇರಿಸುತ್ತೇನೆ. ಪತ್ರಿಕೆಯ ಕಾಗದದಲ್ಲಿ ಬೋಂಡಾ, ವಡೆ ಕಟ್ಟುವುದನ್ನು, ಎಣ್ಣೆ ಹಿಂಡುವುದನ್ನು ಮಕ್ಕಳು ನಿಲ್ಲಿಸಲಿ. ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮವೂ ಇದನ್ನು ನಿಷೇಧಿಸಿದೆ. ನಮ್ಮ ಪತ್ರಿಕೆಗೂ ಇದು ಅನ್ವಯಿಸುತ್ತದೆ.

ಮೈಸೂರಿಗೆ ಪ್ರವಾಸ ಬರುವಾಗ ಅರಮನೆ, ಮೃಗಾಲಯಗಳ ಜೊತೆಗೆ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೂ ಪತ್ರ ಬರೆದು ಅನುಮತಿ ಕೇಳಿ. ಆಹಾರ ವಿಜ್ಞಾನ ಒಂದು ಉದ್ಯೋಗವೂ ಹೌದು ಎಂಬುದು ಹಳ್ಳಿಯ ಮಕ್ಕಳಿಗೆ ಕಾಣಬೇಕು.

ಕೊನೆಗೆ ಆ ಹುಡುಗಿಯ ವಿಷಯ. ಅವಳನ್ನು ಗದರಬೇಡಿ, ಪಾಠವನ್ನು ಮನಸ್ಸಿಗೆ ತೆಗೆದುಕೊಂಡ ವಿದ್ಯಾರ್ಥಿನಿ ಅವಳು. ಅಮ್ಮ ಪುಡಿ ಮಾಡುವ ದಿನ ಜೊತೆಯಲ್ಲಿದ್ದು, ಮೆಣಸಿನಕಾಯಿ ಒಣಗಿಸುವುದರಿಂದ ಹಿಡಿದು ಪುಡಿಯನ್ನು ತೇವವಿಲ್ಲದ ಡಬ್ಬಕ್ಕೆ ತುಂಬುವವರೆಗೆ ಏನೇನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ಬರೆದುಕೊಂಡು ಬರಲು ಹೇಳಿ. ತರಗತಿಯ ಮುಂದೆ ಅವಳೇ ಓದಲಿ, ಆ ದಿನ ತಾಯಿಯನ್ನೂ ಕರೆಯಿರಿ. ಆ ಬರಹವನ್ನೂ ಮಕ್ಕಳು ಎಳೆದ ತಾಪದ ನಕ್ಷೆಗಳನ್ನೂ ನಮಗೆ ಕಳುಹಿಸಿದರೆ ಶಾಲಾ ಪುಟದಲ್ಲಿ ಪ್ರಕಟಿಸುತ್ತೇವೆ.