ಇ-ಸಿಗರೇಟಿನ ದ್ರವ ಮಂದವಾದರೆ ಏನು ಬೆರೆಸಬೇಕು?

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಸಿಗರೇಟು ಬಿಟ್ಟು ಇ-ಸಿಗರೇಟಿಗೆ ಬದಲಾದೆ. ದ್ರವವನ್ನು ಮನೆಯಲ್ಲೇ ಬೆರೆಸುತ್ತೇನೆ: 80 ಪಾಲು ಗ್ಲಿಸರಿನ್, 20 ಪಾಲು ಪ್ರೊಪಿಲೀನ್ ಗ್ಲೈಕಾಲ್, ಮಿಲಿಲೀಟರಿಗೆ 6 ಮಿಲಿಗ್ರಾಂ ನಿಕೋಟಿನ್. ಚಳಿ ಶುರುವಾದಾಗಿನಿಂದ ಎಳೆದರೆ ಸುಟ್ಟ ರುಚಿ. ಹೇಗೆ ತೆಳುಮಾಡಲಿ? ಗೆಳೆಯರೊಬ್ಬರು ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಲು ಹೇಳುತ್ತಿದ್ದಾರೆ.

ಉತ್ತರ: ಎಣ್ಣೆಯ ಮಾತನ್ನು ಇಲ್ಲಿಗೇ ಬಿಡಿ. ಕೊಬ್ಬರಿ ಎಣ್ಣೆಯಾಗಲಿ, ಎಣ್ಣೆಯಲ್ಲಿ ಕರಗಿಸಿದ ಅಡುಗೆಯ ಎಸೆನ್ಸ್ ಆಗಲಿ, ಒಂದು ಹನಿಯೂ ಬೇಡ. ಉಸಿರಿನೊಡನೆ ಒಳಹೋದ ಎಣ್ಣೆಯನ್ನು ಶ್ವಾಸಕೋಶ ಅರಗಿಸಿಕೊಳ್ಳಲಾರದು. ಅದರಿಂದ ಒಂದು ಬಗೆಯ ನ್ಯುಮೋನಿಯಾವೇ ಬರಬಹುದು. 2019ರಲ್ಲಿ ಅಮೆರಿಕದಲ್ಲಿ ಇ-ಸಿಗರೇಟು ಸೇದಿದ ಸಾವಿರಾರು ಮಂದಿ ಶ್ವಾಸಕೋಶ ಕೆಟ್ಟು ಆಸ್ಪತ್ರೆ ಸೇರಿ, ಹಲವರು ಪ್ರಾಣ ಕಳೆದುಕೊಂಡರು. ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತುವೇ ಅದಕ್ಕೆ ಮುಖ್ಯ ಕಾರಣವೆಂದು ಕಂಡುಬಂತು.

ಇನ್ನು ನಿಮ್ಮ ತೊಂದರೆ. 20 ಡಿಗ್ರಿ ಉಷ್ಣತೆಯಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಮಂದ. ಚಳಿಯಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಒಳಗಿನ ಹತ್ತಿಯ ಬತ್ತಿ ಅದನ್ನು ಬೇಗ ಹೀರಿಕೊಳ್ಳಲಾರದೆ ಒಣಗಿ, ದ್ರವವನ್ನು ಕಾಯಿಸುವ ಲೋಹದ ಸುರುಳಿಯಾದ ಕಾಯಿಲ್‌ನ ಕಾವಿಗೆ ಸುಡುತ್ತದೆ. ಆ ರುಚಿ ಬಂದ ಕೂಡಲೇ ಸೇದುವುದನ್ನು ನಿಲ್ಲಿಸಿ, ಕಾಯಿಲ್ ಬದಲಿಸಿ. ಒಣಗಿ ಸುಡುವಾಗ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹೆಚ್ಚುತ್ತವೆ.

ತೆಳುಮಾಡಲು ಪ್ರೊಪಿಲೀನ್ ಗ್ಲೈಕಾಲನ್ನೇ ಸೇರಿಸಿ. 100 ಮಿಲಿಲೀಟರಿಗೆ 14.3 ಮಿಲಿಲೀಟರ್, ತೂಕದಲ್ಲಿ ಸುಮಾರು 15 ಗ್ರಾಂ ಹಾಕಿದರೆ ಮಿಶ್ರಣ 70–30ಕ್ಕೆ ಬರುತ್ತದೆ. ಹನಿ ಎಣಿಸಬೇಡಿ, ತಕ್ಕಡಿಯಲ್ಲಿ ತೂಗಿ; ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ. ಹೀಗೆ ಬೆರೆಸಿದಾಗ ನಿಕೋಟಿನ್ 6ರಿಂದ 5.25ಕ್ಕೆ ಇಳಿಯುತ್ತದೆ. ಅಷ್ಟು ಸಾಲುತ್ತದೆಯೇ ನೋಡಿ, ಸಾಕಾದರೆ ಒಳ್ಳೆಯದೇ. ದ್ರವದ ಪುಟ್ಟ ಡಬ್ಬಿ ಕೂರಿಸುವ ಸಣ್ಣ ಪಾಡ್ ಸಾಧನವಾದರೆ 50–50 ಹೊಂದುತ್ತದೆ. ಆದರೆ ಈಗಿರುವ ಬಾಟಲಿಯನ್ನೇ ಅಲ್ಲಿಗೆ ತರಲು 60 ಮಿಲಿಲೀಟರ್ ಸೇರಿಸಬೇಕು, ನಿಕೋಟಿನ್ 3.75ಕ್ಕೆ ಕುಸಿಯುತ್ತದೆ, ಅದಕ್ಕಿಂತ ಹೊಸದಾಗಿ ಬೆರೆಸುವುದು ಲೇಸು. ಪರಿಮಳದ ಸಾರಗಳು ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್‌ನಲ್ಲೇ ಕರಗಿರುವುದರಿಂದ ಅವನ್ನೂ ಆ ಪಾಲಿನಲ್ಲೇ ಲೆಕ್ಕ ಹಿಡಿಯಿರಿ.

ಪ್ರೊಪಿಲೀನ್ ಗ್ಲೈಕಾಲ್‌ನಿಂದ ಗಂಟಲು ಕೆರೆಯುವುದಾದರೆ 100 ಮಿಲಿಲೀಟರಿಗೆ 3ರಿಂದ 5 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಸಾಕು. ನಲ್ಲಿಯ ನೀರು ಬೇಡ. ದ್ರವ ಅತಿ ತೆಳುವಾದರೆ ಸೋರಿ ಬಾಯಿಗೆ ಸಿಡಿಯುತ್ತದೆ. ಆಗ ಗ್ಲಿಸರಿನ್ ಸೇರಿಸಿ. ಎರಡೂ ಔಷಧ ದರ್ಜೆಯವೇ ಆಗಿರಲಿ.

ಕೈಗವಸು ತೊಡದೆ ನಿಕೋಟಿನ್ ಮುಟ್ಟಬೇಡಿ, ಅದು ಚರ್ಮದ ಮೂಲಕವೂ ಒಳಸೇರುತ್ತದೆ. ಮಕ್ಕಳಿರುವ ಮನೆಯಾದರೆ ಬಾಟಲಿ ಬೀಗದೊಳಗಿರಲಿ. ಊರಿಗೆ ಬರುವಾಗ ಇವನ್ನೆಲ್ಲ ಅಲ್ಲೇ ಬಿಟ್ಟು ಬನ್ನಿ: 2019ರಿಂದ ಭಾರತದಲ್ಲಿ ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನು ಎಲ್ಲಕ್ಕೂ ನಿಷೇಧವಿದೆ.